ಹೆಸರು ಕೊರೆಸಿದ ತಟ್ಟೆ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಇಕ್ಕಳ ಹುಡುಕುವ ತಾಳ್ಮೆಯಿಲ್ಲದೆ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿ ಇಳಿಸಿ ಸುಟ್ಟುಹೋಗಿತ್ತು. ರಾಜಾಜಿನಗರದ ನಮ್ಮ ಉಚಿತ ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುತ್ತಿದ್ದ ಅವರನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದೆವು. ಕೆಂಗೇರಿ ಕಡೆಯ ಮುದ್ದೆ ಕಟ್ಟುವ ಕೈ ಅದು. ಯಾದಗಿರಿಯಿಂದ ಬಂದ ನನಗಾಗಿ ಜೋಳದ ರೊಟ್ಟಿ ಬಡಿಯಲು ಕಲಿತಿತ್ತು.

ಅವರದೊಂದು ಕಟ್ಟಳೆ. ಸೇರುವ ಹುಡುಗ ಸ್ಟೀಲ್ ತಟ್ಟೆಯ ಮೇಲೆ ತನ್ನ ಹೆಸರು, ಇಸವಿ ಕೊರೆಸಿ ತರಬೇಕು. ಓದು ಮುಗಿಸಿ ಹೋಗುವಾಗ ಅಲ್ಲೇ ಬಿಡಬೇಕು. "ಎಲ್ಲೋ ಹೋಗಿ ಏನೋ ಆಗ್ತೀರ. ಹಸ್ಕೊಂಡು ಬಂದ್ರೆ ತಟ್ಟೆ ಇಲ್ಲೇ ಇರ್ತದೆ, ಕೂತ್ಕೊಂಡು ಉಣ್ಣಿ," ಎನ್ನುವರು. ಓದು ಬಾರದಿದ್ದರೂ ಯಾವ ತಟ್ಟೆ ಯಾರದೆಂದು ಅಂಚು ಸವರಿಯೇ ಹೇಳುವರು.

ಬಡ ಹುಡುಗರ ಊಟ ವಸತಿಗೆಂದು ಯಾರೋ ಪುಣ್ಯಾತ್ಮರು ಟ್ರಸ್ಟ್ ಮಾಡಿ ಬಿಟ್ಟುಹೋದ ಕಟ್ಟಡ ಅದು. ಟ್ರಸ್ಟಿನ ಅಧ್ಯಕ್ಷರೂ ಹಿಂದೆ ಅಲ್ಲೇ ಉಂಡು ಓದಿದವರು. ಆ ಮಹಾನುಭಾವರು ನನ್ನ ಡಿಪ್ಲೊಮಾ ಪರೀಕ್ಷೆಗೆ ವಾರವಿರುವಾಗ ನಮ್ಮ ಟ್ರಂಕುಗಳನ್ನು ಫುಟ್‌ಪಾತಿಗೆ ಎಸೆಸಿ, ಕಟ್ಟಡವನ್ನು ಭಾಮೈದನ ಕಲ್ಯಾಣಮಂಟಪಕ್ಕೆ ಕೊಟ್ಟರು. ನನ್ನದೊಂದು ವರ್ಷ ಹಾಳಾಯಿತು. ಆ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ.

ಅಮ್ಮ ಅಳಲಿಲ್ಲ. ತಟ್ಟೆಗಳನ್ನೆಲ್ಲ ಮೂಟೆ ಕಟ್ಟಿ ಲಗ್ಗೆರೆಯ ತಮ್ಮ ಒಂಟಿ ಕೋಣೆಗೆ ಸಾಗಿಸಿದರು. "ಉಂಡ ಮನೆಗೇ ಎರಡು ಬಗ್ದವ್ನೆ ಕಣೋ. ಸುಮ್ನೆ ಬಿಡಕಾಯ್ತದಾ?" ಎಂದರು. ಟ್ರಸ್ಟಿನ ಮೇಲೆ ಕೇಸು ಹಾಕಲು ಇಬ್ಬರಾದರೂ ಬೇಕು ಎಂದರು ನಾಗರಬಾವಿಯ ವಕೀಲರು. ಅಮ್ಮ ಹೆಬ್ಬೆಟ್ಟು ಒತ್ತಿದರು, ಪಕ್ಕದಲ್ಲಿ ನಾನು ಸಹಿ ಹಾಕಿದೆ.

ಆರು ವರ್ಷ ಅಲೆದೆವು. ಹುಡುಗರೇ ಸೇರದೆ ನಿಲಯ ಹತ್ತು ವರ್ಷದ ಹಿಂದೆಯೇ ಮುಚ್ಚಿತ್ತು, ಖಾಲಿ ಬಿದ್ದ ಕಟ್ಟಡವನ್ನು ಕೊಟ್ಟೆವು ಎಂದು ಅಧ್ಯಕ್ಷರು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದರು. ಸಾಕ್ಷಿ ಹೇಳುವ ಸರದಿ ಬಂದಾಗ ಅಮ್ಮ ಮೂಟೆ ಬಿಚ್ಚಿದರು. ಹುಡುಗರ ಹೆಸರುಗಳು ವರ್ಷದ ಮೇಲೆ ವರ್ಷ ನ್ಯಾಯಾಧೀಶರ ಮುಂದೆ ಬಂದವು. ನಮ್ಮನ್ನು ಹೊರಹಾಕಿದ ವರ್ಷದವರೆಗೂ ಒಂದು ಇಸವಿಯೂ ತಪ್ಪಿರಲಿಲ್ಲ. ಕೊನೆಗೆ ಹಳೆಯ ತಟ್ಟೆಯೊಂದನ್ನು ತೆಗೆದು, ಅಂಚು ಸವರಿ, "ಇದು ಈವಪ್ಪಂದೇ ಸ್ವಾಮಿ. ಎರಡೆರಡು ಸಲ ಹುಳಿ ಹಾಕಿಸ್ಕೊಳ್ಳೋನು," ಎಂದು ಅಧ್ಯಕ್ಷರತ್ತ ಕೈ ತೋರಿಸಿದರು. ಅವರ ಮುಖ ನೋಡಬೇಕಿತ್ತು. ನನಗಂತೂ ಹೊಟ್ಟೆ ತಣ್ಣಗಾಯಿತು.

ಅಧ್ಯಕ್ಷರನ್ನು ಟ್ರಸ್ಟಿನಿಂದ ತೆಗೆದುಹಾಕಿ, ನಿಲಯವನ್ನು ಮತ್ತೆ ತೆರೆಯಬೇಕೆಂದು ತೀರ್ಪಾಯಿತು. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು. ನನ್ನನ್ನು ಹತ್ತಿರ ಕೂರಿಸಿಕೊಂಡು, "ತಟ್ಟೆ ಎಲ್ಲಾ ವಾಪಸ್ ಜೋಡ್ಸು. ಅವ್ನದೂ ಇಡು. ನಾಲ್ಕ್ ಜನ ನೋಡ್ಲಿ ಅಂತ ನನ್ ತಿಥಿಗೆ ಬಂದೇ ಬರ್ತಾನೆ. ತಟ್ಟೆ ಕೊಡು. ಅನ್ನ ಇಕ್ಬೇಡ," ಎಂದರು.

ತಿಥಿಯೂಟ ನಿಲಯದಲ್ಲೇ ನಡೆಯಿತು. ಹಳೆಯ ಹುಡುಗರು ತಮ್ಮ ತಮ್ಮ ತಟ್ಟೆ ಹುಡುಕಿಕೊಂಡು ಕೂತರು. ಅಮ್ಮ ಹೇಳಿದಂತೆಯೇ ಮಾಜಿ ಅಧ್ಯಕ್ಷರೂ ಹಾರ ಹಿಡಿದು ಬಂದರು. ಪಂಕ್ತಿಯಲ್ಲಿ ಕೂತ ಅವರ ಮುಂದೆ ಅವರದೇ ತಟ್ಟೆ ಇಟ್ಟೆ. ಅನ್ನದ ಬಕೆಟ್ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದು ಅವರೆದುರು ನಿಂತೆ. ತಲೆಯೆತ್ತಿ ನೋಡಿದರು.

"ಅಮ್ಮ ಬ್ಯಾಡ ಅಂದಾರ್ರೀ," ಎಂದು ಪಕ್ಕದ ತಟ್ಟೆಗೆ ಬಡಿಸಿದೆ.