ನೇತ್ರಾವತಿ ಬರೆದ ‘ಬದಲಿ’ ಕಮಾಂಡ್

ಬೆಳಗಿನ ಆರು ಗಂಟೆ. ದಾವಣಗೆರೆಯ ಹಳೇ ಮಿಲ್ ಕಾರ್ಮಿಕರ ಸಂಘದ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಹರಿಹರದಿಂದ ಮೊದಲ ಬಸ್ಸಿಗೆ ಬಂದ ನೇತ್ರಾವತಿ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಕಪ್ಪು ಪರದೆಯ ಮೇಲೆ ‘ಬದಲಿ’ ಎಂದು ಟೈಪ್ ಮಾಡಿ, ಪಕ್ಕದಲ್ಲಿ ‘ಬೊಮ್ಮಣ್ಣ’ ಎಂಬ ಹೆಸರು ಸೇರಿಸಿ ಎಂಟರ್ ಒತ್ತುತ್ತಾರೆ. ತಾರೀಖು, ಪಾಳಿ, ಮಗ್ಗದ ನಂಬರ್ ಸಾಲುಸಾಲಾಗಿ ಮೂಡುತ್ತವೆ. ಕೊನೆಯಲ್ಲಿ ಒಟ್ಟು ತೊಂಬತ್ತೊಂದು ದಿನ. ನಿನ್ನೆಯೂ ಅಷ್ಟೇ ಇತ್ತು.

“ಕೆಲಸ ಶುರು ಮಾಡೋಕೆ ಮುಂಚೆ ಒಂದ್ಸಲ ಅಪ್ಪನ್ನ ಹುಡುಕಿಬಿಡ್ತೀನ್ರಿ. ಚಟ ಆಗೈತೆ” ಎನ್ನುತ್ತಾರೆ.

ಮಿಲ್ ಮುಚ್ಚಿ ಮೂವತ್ತು ವರ್ಷದ ಮೇಲಾಯಿತು. ಕಟ್ಟಡ ಕೆಡವುವಾಗ ಸಿಕ್ಕಿದ್ದು ನಲವತ್ತಮೂರು ಹಾಜರಿ ಪುಸ್ತಕಗಳು. ನಡುವಿನ ಎಷ್ಟೋ ವರ್ಷಗಳದ್ದು ಸಿಗಲೇ ಇಲ್ಲ. ಸಿಕ್ಕವನ್ನು ಮೂರು ವರ್ಷದಿಂದ ಕಂಪ್ಯೂಟರಿಗೆ ತುಂಬುತ್ತಿರುವವರು ಈ ನೇತ್ರಾವತಿ. ಹಗಲು ಮದುವೆ ಪತ್ರಿಕೆ ಟೈಪ್ ಮಾಡುವ ಅಂಗಡಿಯಲ್ಲಿ ದುಡಿಯುವ ಅವರಿಗೆ ಇಲ್ಲಿ ಸಿಗುವುದು ಬೆಳಗಿನ ಎರಡೂವರೆ ತಾಸು. ಅಷ್ಟರಲ್ಲಿ ನೂರಿಪ್ಪತ್ತು ಸಾಲು ಮುಗಿಸುತ್ತಾರೆ.

ಹುಡುಕುವ ಕೆಲಸಕ್ಕೆ ಬೇಕಾದ ಕಮಾಂಡ್‌ಗಳನ್ನೂ ಅವರೇ ಬರೆದಿದ್ದಾರೆ. ನಿವೃತ್ತ ಕಂಪ್ಯೂಟರ್ ಮೇಡಂ ನಿರ್ಮಲಮ್ಮ ಕಮಾಂಡ್ ಬರೆಯಲು ಒಂದು ಚೌಕಟ್ಟು ಹಾಕಿಕೊಟ್ಟು ಹೋದರು. ಉಳಿದದ್ದನ್ನು ನೇತ್ರಾವತಿಯೇ ವಿವರಿಸುತ್ತಾರೆ: “ಒಂದೊಂದು ಕಮಾಂಡ್‌ಗೂ ಒಂದು ಹೆಸರಿಡ್ಬೇಕು. ನಮ್ಮನ್ನ ಏನು ಕೇಳ್ಬೇಕು, ಕೇಳಿ ಏನು ಮಾಡ್ಬೇಕು ಅಂತ ಬರೀಬೇಕು. ಆಮೇಲೆ ಕಮಾಂಡ್ ಪಟ್ಟಿಗೆ ಸೇರಿಸ್ಬೇಕು. ಅಷ್ಟೇರಿ.” ಅವರ ಮೊದಲ ಕಮಾಂಡ್ ‘ಹುಡುಕು’. ಕಾಯಂ ಕಾರ್ಮಿಕರಿಗೆ ಮಿಲ್ ಕೊಡುತ್ತಿದ್ದ ಗುರುತಿನ ಬಿಲ್ಲೆಯ ನಂಬರ್ ಕೊಟ್ಟರೆ ಆ ಕಾರ್ಮಿಕ ದುಡಿದ ದಿನಗಳನ್ನು ತೋರಿಸುತ್ತದೆ. ಈವರೆಗೆ ಏಳುನೂರು ಮನೆಯವರು ಬಂದು ತಮ್ಮವರನ್ನು ನೋಡಿಕೊಂಡು ಹೋಗಿದ್ದಾರೆ.

ಆದರೆ ನೇತ್ರಾವತಿಯ ಅಪ್ಪ ಬೊಮ್ಮಣ್ಣನಿಗೆ ಬಿಲ್ಲೆಯೇ ಇರಲಿಲ್ಲ. ಅವರು ಬದಲಿ ಆಳು. ಕಾಯಂ ಆದವರು ಯಾರಾದರೂ ಬರದ ದಿನ ಅವರ ಬಿಲ್ಲೆಯ ಮೇಲೆ ದುಡಿಯುವವರು. ಗುಮಾಸ್ತರು ಬದಲಿಯವರ ಹೆಸರನ್ನು ಆ ಬಾರದವರ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಸಣ್ಣಗೆ ಗೀಚುತ್ತಿದ್ದರು. ಆರು ವರ್ಷ ಬೊಮ್ಮಣ್ಣ ನಸುಕಿನಲ್ಲೇ ಎದ್ದು ಬಂದು ಗೇಟಿನ ಮುಂದೆ ನಿಂತರು.

“ಕೆಲಸ ಸಿಗದ ದಿನ ಬುತ್ತಿ ಹಂಗೇ ವಾಪಸ್ ಬರೋದು. ನಾವು ಹುಡುಗ್ರು ಖುಷಿಯಾಗಿ ತಿಂತಿದ್ವಿ. ಅಪ್ಪನ ಮುಖ ನೋಡ್ಬೇಕು ಅನ್ನೋ ಬುದ್ಧಿ ಆವಾಗ ಇರ್ಲಿಲ್ಲ.” ಎಪ್ಪತ್ತಾರರ ಬೊಮ್ಮಣ್ಣ ಈಗಲೂ ನಾಲ್ಕೂವರೆಗೆ ಎಚ್ಚರಾಗಿ ಹೊರಗೆ ಬಂದು ನಿಲ್ಲುತ್ತಾರಂತೆ. ಎಲ್ಲಿಗೆ ಎಂದು ಕೇಳಿದರೆ ತಿರುಗಿ ಒಳಗೆ ಹೋಗುತ್ತಾರೆ.

ಆ ಕೆಂಪು ಹೆಸರುಗಳಿಗಾಗಿ ನೇತ್ರಾವತಿ ಬರೆದದ್ದೇ ‘ಬದಲಿ’. ಮೊದಲ ದಿನ ಓಡಿಸಿದಾಗ ‘ಇಂಥ ಕಮಾಂಡ್ ಇಲ್ಲ’ ಎಂದು ಬಂತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಬರೆದಿದ್ದರು, ಪಟ್ಟಿಗೆ ಸೇರಿಸಿರಲಿಲ್ಲ. ಸಂಘದ ಕೋಣೆ ನೋಡಿಕೊಳ್ಳುವ ಹಳೇ ನೇಕಾರ ಮಕ್ತುಮ್ ಸಾಬ್ ಅದನ್ನು ನೆನೆದು ಇವತ್ತೂ ನಗುತ್ತಾರೆ. “ಕೆಲಸಕ್ಕೆ ರೆಡಿ, ಪಟ್ಟಿನಾಗೆ ಹೆಸರಿಲ್ಲ. ಅದೂ ಬದಲಿನೇ ಬಿಡವ್ವ ಅಂದೆ.”

ಸಂಘದ ಗೋಡೆಗೆ ಕಾರ್ಮಿಕರ ಹೆಸರಿನ ಬೋರ್ಡ್ ಬರಲಿದೆ. ನೂರು ದಿನದ ಹಾಜರಿ ಸಿಕ್ಕವರ ಹೆಸರು ಮಾತ್ರ ಅದರಲ್ಲಿ ಎಂದು ಸಂಘ ತೀರ್ಮಾನಿಸಿದೆ. ಆಯುಧಪೂಜೆಗೆ ಮುಂಚೆ ಪೇಂಟರ್ ಬರುತ್ತಾನೆ. ಉಳಿದಿರುವುದು ಒಂದೇ ಪುಸ್ತಕ, ಅದರಲ್ಲೂ ಕೊನೆಯ ಹಾಳೆಗಳು, ಅವಕ್ಕೂ ಗೆದ್ದಲು ಹಿಡಿದಿದೆ. ನೇತ್ರಾವತಿ ಭೂತಗನ್ನಡಿ ಹಿಡಿದು ಓದುತ್ತಾರೆ, ಟೈಪ್ ಮಾಡುತ್ತಾರೆ. ಎಂಟೂಕಾಲಿಗೆ ಪುಸ್ತಕ ಮುಗಿಯುತ್ತದೆ. ಅಪ್ಪನ ಹೆಸರು ಹಾಕಿ ಮತ್ತೆ ಎಂಟರ್ ಒತ್ತುತ್ತಾರೆ.

ತೊಂಬತ್ತನಾಲ್ಕು.

ಮಕ್ತುಮ್ ಸಾಬ್ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. “ಆರು ದಿನ ತಾನೇ? ಗೆದ್ದಲು ತಿಂದಿದ್ರಾಗೆ ಇದ್ವು ಅಂತ ಬರ್ಕೊ. ಬೊಮ್ಮಣ್ಣನ್ನ ನಾನೇ ನೋಡೀನಿ ಗೇಟಿನಾಗೆ. ಯಾರು ಕೇಳ್ತಾರೆ?”

“ಬ್ಯಾಡ ಸಾಬ್ರೆ. ದಿನಾ ಬೆಳಿಗ್ಗೆ ನೋಡಾಕಿ ನಾನು. ಯಾವ ಆರು ಸುಳ್ಳು ಅಂತ ನಂಗೆ ಗೊತ್ತಿರ್ತೈತೆ. ಆಮೇಲೆ ಉಳಿದ ತೊಂಬತ್ತನಾಲ್ಕನ್ನೂ ನೋಡಾಕೆ ಆಗಲ್ಲ.”

ಅಂಗಡಿ ತೆರೆಯಲು ಇನ್ನು ಹದಿನೈದು ನಿಮಿಷ. ಅಷ್ಟರಲ್ಲೇ ನೇತ್ರಾವತಿ ಇನ್ನೊಂದು ಕಮಾಂಡ್ ಬರೆಯುತ್ತಾರೆ. ಹೆಸರು ‘ಕಡಿಮೆ’. ನೂರು ದಿನ ತುಂಬದವರನ್ನೆಲ್ಲ ತೋರಿಸಬೇಕು. ಓಡಿಸಿದರೆ ಮುನ್ನೂರ ಹದಿನೆಂಟು ಹೆಸರು. ಮಕ್ತುಮ್ ಸಾಬ್ ಬೆರಳಿಟ್ಟು ಒಂದೊಂದೇ ಓದುತ್ತಾ, ನಡುನಡುವೆ ನಿಂತು, “ಇವನೂ ಇದ್ನಲ್ಲ” ಎನ್ನುತ್ತಾರೆ.

“ಬೋರ್ಡಿನಾಗೆ ಬ್ಯಾಡ್ರಿ,” ಚಪ್ಪಲಿ ಮೆಟ್ಟುತ್ತಾ ನೇತ್ರಾವತಿ ಹೇಳುತ್ತಾರೆ. “ಅದರ ಕೆಳಗೆ ಇವರ ಹೆಸರಿನ ಹಾಳೆ ಅಂಟಿಸಾಕೆ ಒಂಚೂರು ಜಾಗ ಕೊಟ್ರೆ ಸಾಕು. ಅಪ್ಪನ್ನ ಒಂದಿನ ಕರ್ಕಂಡು ಬರ್ತೀನಿ. ಅವನಿಗೆ ಓದಾಕೆ ಬರಲ್ಲ. ನಾನೇ ಓದಿ ಹೇಳ್ತೀನಿ, ಒಂದೊಂದೇ ತಾರೀಖು, ತೊಂಬತ್ತನಾಲ್ಕೂ.”