ಮೀರಾಸಾಬನ ಬಲಗೈ

ಓಡುವಾಗ ಮೀರಾಸಾಬನ ಬಲಗೈ ನೋಡಬೇಕು. ಎಡಗೈ ಎಲ್ಲರ ಕೈಯಂತೆ ಹಿಂದೆ ಮುಂದೆ ಆಡುತ್ತದೆ. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು, ಮೈಯಿಂದ ತುಸು ದೂರ ಸರಿದು, ಏನನ್ನೋ ಬಿಗಿಯಾಗಿ ಹಿಡಿದುಕೊಂಡಂತೆ ಇರುತ್ತದೆ. ಪೇಟೆಯ ಹುಡುಗರು ಅದನ್ನು ಕಂಡು ನಗುತ್ತಿದ್ದರು. ದೇವಣಗಾಂವದ ನಾವು ಯಾರೂ ನಕ್ಕವರಲ್ಲ. ಆ ಮುಷ್ಟಿಯೊಳಗೆ ಏನಿದೆ ಎಂಬುದು ನಮಗೆ ಗೊತ್ತು. ಎತ್ತಿನ ಹಗ್ಗ.

ಈಗ ಅವನಿಗೆ ಐವತ್ತು ದಾಟಿದೆ. ಮುಂಜಾನೆ ಭೀಮಾ ಹೊಳೆಯ ದಂಡೆಗುಂಟ ಊರಿನ ಹುಡುಗಿಯರನ್ನು ಓಡಿಸುತ್ತಾನೆ. ಯಾರೂ ನೇಮಿಸಿದ್ದಲ್ಲ, ತಾನೇ ಹಚ್ಚಿಕೊಂಡ ಕೆಲಸ. ಹುಡುಗಿಯರ ಕಾಲಲ್ಲಿ ಬೂಟು ಬಂದಿವೆ, ಇವನ ಕಾಲು ಇನ್ನೂ ಬರಿಗಾಲು. ಮೊನ್ನೆ ನೋಡಿದೆ, ಅವರಲ್ಲಿ ಇಬ್ಬರು ತಮಗೆ ತಿಳಿಯದಂತೆಯೇ ಬಲಗೈ ಮುಷ್ಟಿ ಕಟ್ಟಿ ಓಡುತ್ತಿದ್ದರು. ಅವರು ಒಂದು ದಿನವೂ ಎತ್ತಿನ ಹಗ್ಗ ಹಿಡಿದವರಲ್ಲ.

ಮೀರಾಸಾಬ ನಮ್ಮ ಓಣಿಯ ಶ್ರೀಶೈಲಪ್ಪನ ಮನೆಯಲ್ಲಿ ಎತ್ತು ನೋಡಿಕೊಳ್ಳುವವನು. ಅವನ ಅಪ್ಪನೂ ಅದೇ ಕೊಟ್ಟಿಗೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಆ ಮನೆಯಲ್ಲಿ ಬಿಳ್ಯಾ ಎಂಬ ಒಂದು ಎತ್ತಿತ್ತು. ಹಾಲಿನಂಥ ಬಣ್ಣ, ತುಂಬಿದ ಭುಜ, ಕೋಡು ಹೊಳಪು ಕೊಟ್ಟಂತೆ. ಕಾರಹುಣ್ಣಿಮೆ ಬಂದಿತೆಂದರೆ ಬಿಳ್ಯಾನನ್ನು ಓಡಿಸುವುದು ಮೀರಾಸಾಬನ ಪಾಲು.

ನಮ್ಮೂರ ಕಾರಹುಣ್ಣಿಮೆಯ ರೀತಿ ಹೀಗಿದೆ. ಸಂಜೆ ಊರ ಅಗಸಿ ಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪು ಪೋಣಿಸಿದ ಹಗ್ಗ ಕಟ್ಟುತ್ತಾರೆ. ಅದಕ್ಕೆ ಕರಿ ಎನ್ನುತ್ತೇವೆ. ಹೊಳೆಯ ಕಡೆಯಿಂದ ಎತ್ತುಗಳನ್ನು ಓಡಿಸಿಕೊಂಡು ಬಂದು ಕರಿ ಹರಿಸಬೇಕು. ಬಿಳಿ ಎತ್ತು ಹರಿದರೆ ಆ ವರ್ಷ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂಪು ಎತ್ತು ಹರಿದರೆ ತೊಗರಿ. ಎತ್ತಿನ ಜೊತೆ ಓಡಿ ಬರುವ ಮನುಷ್ಯ ಅಗಸಿ ಹತ್ತು ಮಾರು ಇದೆ ಎನ್ನುವಾಗ ಹಗ್ಗ ಬಿಟ್ಟು ಬದಿಗೆ ಸರಿಯಬೇಕು. ಮನುಷ್ಯನ ಮೈ ಕರಿಗೆ ತಾಕಕೂಡದು. ತಾಕಿದರೆ ಆ ವರ್ಷದ ಬೆಳೆ ಯಾವುದೆಂದು ಹೇಳುವವರಾರು? ಮೀರಾಸಾಬ ಹುಡುಗನಾಗಿದ್ದಾಗಿನಿಂದ ಹೀಗೆ ಓಡಿದ್ದಾನೆ, ಹೀಗೆ ಸರಿದಿದ್ದಾನೆ. ಸರಿದು ನಿಂತು, ಮಂದಿಯ ಕಡೆ ತಿರುಗಿ, "ಹಾದಿ ಬಿಡ್ರೋ, ಬಂತು ಬಂತು!" ಎಂದು ಕೂಗುವುದೂ ಅವನದೇ ಕೆಲಸ.

ಎತ್ತಿಗೆ ದಮ್ಮು ಬರಲಿ ಎಂದು ಹಬ್ಬಕ್ಕೆ ತಿಂಗಳುಗಟ್ಟಲೆ ಮುಂಚಿನಿಂದ ದಿನಾ ಹೊಳೆ ದಂಡೆಯಲ್ಲಿ ಓಡಿಸುವನು. ಎತ್ತಿಗೆ ಬಂದ ದಮ್ಮು ಅವನಿಗೂ ಬಂತು. ಕಡೆಗೆ ಎತ್ತು ನಿಂತರೂ ಇವನು ನಿಲ್ಲದ ಹಾಗಾಯಿತು.

ನಮ್ಮ ಸೀಮೆಯಲ್ಲಿ ದೂರ ಓಡುವವನನ್ನು ಕೇಳುವವರು ಯಾರೂ ಇರಲಿಲ್ಲ. ಪೈಲ್ವಾನನಿಗೆ ಬಾದಾಮಿ, ಹಾಲು, ಬೆಳ್ಳಿ ಕಡಗ. ಓಡುವವನಿಗೆ ನಾಯಿಗಳ ಕಾಟ. ಎರೆಹೊಲದ ಬದುವಿನ ಮೇಲೆ ಒಬ್ಬ ಓಡುತ್ತಿದ್ದರೆ ಕಂಡವರೆಲ್ಲ ನಿಲ್ಲಿಸಿ, ಮನೆಯಲ್ಲಿ ಯಾರಿಗೆ ಏನಾಯಿತೆಂದು ಕೇಳುತ್ತಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆ ನಾನು ಪಂದ್ಯ ನೋಡಿದ್ದೇನೆ. ಎಲ್ಲಿ ನೋಡಿದರೂ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದದ್ದೇ ಟ್ರ್ಯಾಕು. ಒಂದು ಹನಿ ಮಳೆ ಬಿದ್ದರೆ ಗೆರೆಯೂ ಇಲ್ಲ, ಕಾಲು ಕೀಳಲೂ ಆಗದು. ಓಡುವ ಹುಡುಗರು ಪೊಲೀಸ್ ಭರ್ತಿಗೋ ಮಿಲಿಟರಿ ಭರ್ತಿಗೋ ಓಡುತ್ತಿದ್ದರು. ಭರ್ತಿಯಾದ ಮರುದಿನ ಬೂಟು ಗೂಟಕ್ಕೆ. ಓಟದ ಸಲುವಾಗಿಯೇ ಓಡಿದವನೆಂದರೆ ನಾನು ಕಂಡಂತೆ ಇವನೊಬ್ಬ.

ತೊಂಬತ್ತಾರನೇ ಇಸವಿಯಲ್ಲಿ ಮುದ್ದೇಬಿಹಾಳದಲ್ಲಿ ಜಿಲ್ಲೆಯ ಗುಡ್ಡಗಾಡು ಓಟ ಇದೆಯೆಂದು ಪೇಪರಿನಲ್ಲಿ ಓದಿ ಹೇಳಿದವನು ನಾನು. ಗುಡ್ಡವೂ ಇಲ್ಲದ ಕಾಡೂ ಇಲ್ಲದ ನಮ್ಮ ಬಯಲಿನಲ್ಲಿ ಅದಕ್ಕೆ ಆ ಹೆಸರು ಯಾಕೆಂದು ಕೇಳಬೇಡಿ. ಮೊದಲು ಬಂದ ಒಬ್ಬನನ್ನು ರಾಜ್ಯದ ಪಂದ್ಯಕ್ಕೆ ಕಳಿಸುತ್ತಾರೆ ಎಂದಿತ್ತು. ಶ್ರೀಶೈಲಪ್ಪ ಒಂದೇ ಮಾತಿಗೆ ಹೂಂ ಅಂದ. ಮೀರಾಸಾಬನ ಹೆಂಡತಿ ಬಿಬಿಜಾನ ಮಾತ್ರ ಬಾಗಿಲಲ್ಲಿ ನಿಂತು ಹೇಳಿದಳು, "ಎತ್ತಿನ ಸಂಗಾಟ ಓಡಿದ್ದು ಸಾಲಲಿಲ್ಲಂತ, ಈಗ ಕಾಲೇಜ ಹುಡುಗೂರ ಸಂಗಾಟ ಓಡ್ತಾನಂತ. ಬಿದ್ದು ಬಂದ್ರ ಅರಿಷಿಣ ಹಚ್ಚಾಕ ನಾನs ಬೇಕು." ಹೇಳುತ್ತಲೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಪಂದ್ಯದ ದಾರಿ ಆಲಮಟ್ಟಿಯ ಕಾಲುವೆ ದಂಡೆಗುಂಟ ಹೋಗಿ ತಿರುಗಿ ಬರುವಂಥದ್ದು. ಇಂಡಿಯಿಂದ ಅನೀಲಕುಮಾರ ಎಂಬ ಕಾಲೇಜು ಹುಡುಗ ಬಂದಿದ್ದ. ಕಾಲಿಗೆ ಮೊಳೆಯ ಬೂಟು, ನಡೆದರೆ ಟಕಟಕ ಸದ್ದು. ಮೀರಾಸಾಬನ ಬರಿಗಾಲು ನೋಡಿ, "ಕಾಕಾ, ದಂಡಿ ಮ್ಯಾಲ ಖಡಿ ಹಾಕ್ಯಾರ, ಕಾಲು ಸಂಭಾಳಸ್ರಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ನಾನೂ ಶ್ರೀಶೈಲಪ್ಪನೂ ಕೊನೆಯ ಗೆರೆಯ ಹತ್ತಿರ ನಿಂತಿದ್ದೆವು. ಇಬ್ಬರು ಮಾಸ್ತರರು ಕೆಂಪು ರಿಬ್ಬನ್ನಿನ ಎರಡು ತುದಿ ಹಿಡಿದಿದ್ದರು. ದೂರದಲ್ಲಿ ಧೂಳೆದ್ದಿತು. ಧೂಳಿನಿಂದ ಹೊರಬಂದವನು ನಮ್ಮ ಮೀರಾಸಾಬ, ಒಬ್ಬನೇ. ಅನೀಲಕುಮಾರ ಇನ್ನೂ ಹುಣಸೆಮರದ ಆಚೆ. ಶ್ರೀಶೈಲಪ್ಪ ಟೋಪಿ ತೆಗೆದು ಬೀಸತೊಡಗಿದ.

ರಿಬ್ಬನ್ ಹತ್ತು ಮಾರು ಇದೆ ಎನ್ನುವಾಗ ಮೀರಾಸಾಬನ ಬಲಮುಷ್ಟಿ ಬಿಚ್ಚಿಕೊಂಡಿತು. ಆಮೇಲೆ ಅವನು ತೀರ ಸಹಜವಾಗಿ ಬದಿಗೆ ಸರಿದು ನಿಂತ. ನಿಂತವನು ಸುಮ್ಮನಿರಲಿಲ್ಲ. ಮಂದಿಯ ಕಡೆ ತಿರುಗಿ ಎರಡೂ ಕೈ ಚಾಚಿ ಕೂಗಿದ.

"ಹಾದಿ ಬಿಡ್ರೋ, ಬಂತು ಬಂತು!"

"ಲೇ ಮೀರಾ, ನೀನs ಬರಬೇಕೋ! ಓಡೋ!" ಎಂದು ಶ್ರೀಶೈಲಪ್ಪ ಎದೆ ಹರಿಯುವಂತೆ ಚೀರಿದ. ಮೀರಾಸಾಬ ಕಣ್ಣು ಪಿಳುಕಿಸಿ ನೋಡಿದ. ಅಷ್ಟರಲ್ಲಿ ಟಕಟಕ ಎನ್ನುತ್ತ ಅನೀಲಕುಮಾರ ಬಂದ, ಇವನ ಪಕ್ಕದಿಂದಲೇ ಹಾಯ್ದು ರಿಬ್ಬನ್ ಹರಿದ.

ಹುಡುಗನಿಗೇ ಏನೂ ತಿಳಿಯಲಿಲ್ಲ. ಏದುಸಿರು ಬಿಡುತ್ತ ಹಿಂದಿರುಗಿ ಬಂದು, "ಯಾಕ ನಿಂತ್ರಿ ಕಾಕಾ? ಕಾಲಿಗೆ ಏನರ ಚುಚ್ಚಿತೇನು?" ಎಂದ. ಮೀರಾಸಾಬ ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದ. ನಾವು ಮಾಸ್ತರರಿಗೆ ಕಾರಹುಣ್ಣಿಮೆಯ ಕತೆಯೆಲ್ಲ ಹೇಳಿದೆವು. ಅವರೂ ನಮ್ಮ ಕಡೆಯವರೇ, ಕೇಳಿ ಮರುಗಿದರು. ಆದರೆ ಗೆರೆ ಮೊದಲು ದಾಟಿದವನೇ ಮೊದಲು, ಅದನ್ನು ಅವರೂ ಬದಲಿಸುವ ಹಾಗಿರಲಿಲ್ಲ.

ರಾಜ್ಯಕ್ಕೆ ಹೋಗುವವನಿಗೆ ಅಲ್ಲಿಯೇ ಒಂದು ಬನಿಯನ್ ಕೊಟ್ಟರು. ನೀಲಿ ಬಣ್ಣ, ಎದೆಯ ಮೇಲೆ ಬಿಳಿ ಅಕ್ಷರದಲ್ಲಿ ವಿಜಾಪುರ ಎಂದು ಬರೆದಿತ್ತು. ಮೀರಾಸಾಬ ಅನೀಲಕುಮಾರನ ಹತ್ತಿರ ಹೋಗಿ ಆ ಅಕ್ಷರಗಳ ಮೇಲೆ ಬೆರಳು ಆಡಿಸಿ, "ಚೊಲೋ ಐತಿ ತಮ್ಮಾ" ಎಂದ. ಬಸ್ಸು ಹಿಡಿದು ಸಿಂದಗಿಗೆ ಬಂದೆವು. ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ನನಗೆ ಹೇಳಿದ.

"ಕಾಕಾರ, ಆ ಬನಿಯನ್ ಒಮ್ಮೆ ಮೈಮ್ಯಾಲ ಹಾಕ್ಕೋಬೇಕ್ರಿ. ಇನ್ನೊಂದು ವರ್ಷ ಈ ಕಾಲು ಹಿಂಗ ಇರ್ತಾವು. ಆಮ್ಯಾಲ ನಂದೂ ಬಿಳ್ಯಾಂದೂ ಒಂದs ಹಣೇಬಾರ."

ಊರಲ್ಲಿ ಚಹಾದಂಗಡಿಯವರಿಗೆ ಆ ವರ್ಷವೆಲ್ಲ ಅದೇ ಫಳಾರ. "ಬರ್ರಿ ಮೀರಾಸಾಬ, ಮೊದಲ ನೀವು ಕುಡೀತೀರೋ, ಹಿಂದಿನಾಂವ ಕುಡದ ಮ್ಯಾಲ ಕುಡೀತೀರೋ?" ಎಂದು ಕಾಲೆಳೆಯುವರು. ಅವನು ನಕ್ಕು ಕಪ್ಪು ತೆಗೆದುಕೊಳ್ಳುವನು.

ಶ್ರೀಶೈಲಪ್ಪನಿಗೆ ಮಾತ್ರ ಹೊಟ್ಟೆಯಲ್ಲಿ ಕೆಂಡ. ಮುಂದಿನ ಪಂದ್ಯ ಬಾಗೇವಾಡಿಯಲ್ಲಿ ಎಂದು ಗೊತ್ತಾದ ದಿನವೇ ಹೊಲದಲ್ಲಿ ಎರಡು ಗೂಟ ಹುಗಿದು ಹಳೆಯ ಸೀರೆಯ ಅಂಚು ಅಡ್ಡ ಕಟ್ಟಿಸಿದ. ಹರಿದು ರೂಢಿಯಾಗಲಿ ಎಂದು. ಮೀರಾಸಾಬ ಗಾಳಿಯಂತೆ ಬರುವನು, ಹತ್ತಿರ ಬರುವನು, ಸರಕ್ಕನೆ ಸರಿಯುವನು.

"ಮೈಗೆ ಏನ ಬಂದೈತೋ ನಿನಗ? ಅದು ನಮ್ಮನಿ ಸೀರಿ ಅಂಚು!"

"ಗೊತ್ತೈತ್ರಿ ಧಣ್ಯಾರ. ನನಗ ಗೊತ್ತೈತಿ, ಕಾಲಿಗೆ ಗೊತ್ತಿಲ್ರಿ."

ಹಲವು ದಿನ ಇದೇ ನಡೆಯಿತು. ಕಡೆಗೊಂದು ದಿನ ಬುತ್ತಿ ತಂದ ಶ್ರೀಶೈಲಪ್ಪನ ತಾಯಿ ಲಕ್ಕವ್ವ ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡಿದಳು. ಊರ ಅಗಸಿಗೆ ಪ್ರತಿವರ್ಷ ಕರಿಯ ಹಗ್ಗ ಹೊಸೆದು ಬೇವು ಪೋಣಿಸುವವಳು ಅವಳೇ. ಮೀರಾಸಾಬ ಅವಳ ಮಡಿಲಲ್ಲಿ ಆಡಿ ಬೆಳೆದವನು. ಅವಳು ಮಗನಿಗೆ, "ನೀ ಸುಮ್ನಿರು, ಒದರಿದ್ರ ಎತ್ತೂ ಕೇಳಂಗಿಲ್ಲ, ಇಂವಾ ಕೇಳ್ತಾನೇನು?" ಎಂದು ಗದರಿ, ಮೀರಾಸಾಬನನ್ನು ಹತ್ತಿರ ಕರೆದಳು.

"ಮೀರಾ, ಬಲಗೈ ತೋರ್ಸು."

ಅವನು ತೋರಿಸಿದ. ಹಗ್ಗ ಹಿಡಿದು ಹಿಡಿದು ಅಂಗೈಗೆ ಅಡ್ಡಲಾಗಿ ಜಡ್ಡುಗಟ್ಟಿತ್ತು.

"ಇದರಾಗ ಹಗ್ಗ ಐತೇನು?"

"ಇಲ್ರಿ ಆಯಿ."

"ಹಗ್ಗ ಇದ್ರ ಎತ್ತು ಐತಿ ಅಂತ ಅರ್ಥ. ಎತ್ತು ಇದ್ರ ಕರಿ ಅದರದು, ನೀ ಸರೀಬೇಕು. ಸರೀಲಿಲ್ಲಂದ್ರ ನಾನs ನಿನಗ ಬಡಿಗಿ ತಗೋತೇನಿ. ಕೈ ಖಾಲಿ ಇದ್ರ ಎತ್ತು ಯಾವುದು? ನೀನs. ಸರಿಯೂಕಿಂತ ಮೊದಲ ಒಮ್ಮೆ ಕೈ ನೋಡ್ಕೊ. ಅಷ್ಟ ಮಾಡು."

ಮೀರಾಸಾಬ ತಲೆಯಾಡಿಸಿದ. ಅಂದೇನೂ ಅವನು ಸೀರೆಯ ಅಂಚು ಹರಿಯಲಿಲ್ಲ. ಕೈ ನೋಡಿಕೊಂಡ, ಅಷ್ಟರಲ್ಲಿ ಕಾಲು ಸರಿದಿತ್ತು. ಮರುದಿನವೂ ಹಾಗೇ. ಬಾಗೇವಾಡಿಗೆ ಹೊರಡುವ ದಿನದವರೆಗೂ ಅವನು ಒಮ್ಮೆಯೂ ಹರಿದಿರಲಿಲ್ಲ. ನಾನು ಮನಸ್ಸಿನಲ್ಲೇ ಆಸೆ ಬಿಟ್ಟಿದ್ದೆ.

ಬಾಗೇವಾಡಿಯಲ್ಲಿ ಅನೀಲಕುಮಾರನೂ ಬಂದಿದ್ದ. ಹಿಂದಿನ ವರ್ಷಕ್ಕಿಂತ ಗಟ್ಟಿಯಾಗಿದ್ದ. "ಕಾಕಾ, ಈ ವರ್ಷಾನೂ ಬಾಜೂಕ ಸರದು ನಮಗ ಹಾದಿ ಮಾಡಿಕೊಡ್ರಿ, ಪುಣ್ಯಾ ಬರ್ತೈತಿ" ಎಂದು ನಕ್ಕ. ಮೀರಾಸಾಬ, "ನೀ ಎತ್ತಾಗಿ ಬಾ, ನೋಡೂಣು" ಎಂದ.

ಮುಳವಾಡದ ಕಡೆಯ ರಸ್ತೆ ಹಿಡಿದು ಹೋಗಿ, ಹೊಲಗಳ ನಡುವಿನ ಬಂಡಿದಾರಿಯಲ್ಲಿ ತಿರುಗಿ ಬರಬೇಕು. ನಾನು ಕೊನೆಯ ಗೆರೆಗೆ ಹೋಗಿ ನೋಡಿದವನು ತಲೆಯ ಮೇಲೆ ಕೈ ಹೊತ್ತುಕೊಂಡೆ. ಸಂಘಟಕರು ಚೆಂದ ಕಾಣಲಿ ಎಂದು ರಿಬ್ಬನ್ನಿಗೆ ಉದ್ದಕ್ಕೂ ಹಸಿರು ತೊಪ್ಪಲು ಸಿಕ್ಕಿಸಿದ್ದರು. ಬೇವಿನ ತೊಪ್ಪಲು. ಶ್ರೀಶೈಲಪ್ಪ ಓಡಿಹೋಗಿ, "ಅದನ್ನ ತೆಗೀರಿ ಸರ್, ಕೈ ಮುಗೀತೇನಿ" ಎಂದ. ಅವರು ಇವನಿಗೆ ಬಿಸಿಲು ಹತ್ತಿದೆ ಎಂದುಕೊಂಡು ನೀರು ಕೊಟ್ಟರು.

ಈ ಸಲ ಮೀರಾಸಾಬ ಒಬ್ಬನೇ ಬರಲಿಲ್ಲ. ಅನೀಲಕುಮಾರ ಅವನ ಹೆಗಲಿಗೆ ಹೆಗಲು ತಾಗಿಸಿಕೊಂಡೇ ಇದ್ದ. ಬಂಡಿದಾರಿಯ ಕೊನೆಯ ಏರಿನಲ್ಲಿ ಮೀರಾಸಾಬ ಒಂದು ಹೆಜ್ಜೆ ಮುಂದಾದ, ಆಮೇಲೆ ಇನ್ನೊಂದು. ನೇರ ದಾರಿಗೆ ಬಿದ್ದ. ಅವನ ಕಣ್ಣು ಬೇವಿನ ತೊಪ್ಪಲಿನ ಮೇಲೆ ಬಿದ್ದದ್ದು ನನಗೆ ಕಂಡಿತು. ಹತ್ತು ಮಾರು. ಮುಷ್ಟಿ ಬಿಚ್ಚಿತು. ಶ್ರೀಶೈಲಪ್ಪ ನೋಡಲಾರದೆ ಕಣ್ಣು ಮುಚ್ಚಿಕೊಂಡ.

ಮೀರಾಸಾಬ ಓಡುತ್ತಲೇ ಕತ್ತು ಬಗ್ಗಿಸಿ ಬಲಗೈ ನೋಡಿಕೊಂಡ. ಖಾಲಿ ಇತ್ತು. ಎಡಗಾಲು ಬದಿಗೆ ಹೋಗಲು ಒಮ್ಮೆ ತಡವರಿಸಿತು, ಅನೀಲಕುಮಾರ ಸಮಕ್ಕೆ ಬಂದ. ಆಗ ನಮ್ಮವನು ತಲೆ ತಗ್ಗಿಸಿದ. ಬಿಳ್ಯಾ ಅಗಸಿ ಕಂಡಾಗ ಕೋಡು ಮುಂದೆ ಮಾಡಿ ತಗ್ಗಿಸುತ್ತಿತ್ತಲ್ಲ, ಥೇಟ್ ಹಾಗೇ ತಗ್ಗಿಸಿ, ಬೇವು, ರಿಬ್ಬನ್ ಎಲ್ಲವನ್ನೂ ಎದೆಯ ಮೇಲೆ ಎಳೆದುಕೊಂಡು ಹೋದ. ಗೆರೆ ದಾಟಿದ ಮೇಲೂ ನಿಲ್ಲದೆ ಮೈಕಿನ ಟೇಬಲ್ಲಿನವರೆಗೆ ಹೋಗಿ ಅದನ್ನೂ ಅಲುಗಿಸಿ ನಿಂತ.

ಅನೀಲಕುಮಾರ ಬಂದು ಅವನನ್ನು ತಬ್ಬಿಕೊಂಡ. "ಈ ಸಲ ಹಾದಿ ಬಿಡ್ರೋ ಅನ್ನಲೇ ಇಲ್ಲಲ್ರಿ ಕಾಕಾ!"

ನೀಲಿ ಬನಿಯನ್ ಮೀರಾಸಾಬನ ಕೈಗೆ ಬಂತು. ಅವನು ಅದನ್ನು ಹಾಕಿಕೊಳ್ಳುವುದನ್ನು ಬಿಟ್ಟು, ನೆಲದ ಮೇಲೆ ಬಗ್ಗಿ ಹರಿದ ರಿಬ್ಬನ್ನಿನ ತುಂಡುಗಳನ್ನು ಆರಿಸತೊಡಗಿದ. ಒಬ್ಬ ಮಾಸ್ತರರು ಓಡಿಬಂದರು.

"ಏನ್ ಮಾಡಾಕತ್ತೀರಿ? ಕೊಡ್ರಿ ಅದನ್ನ, ಹೆಣ್ಮಕ್ಕಳ ಓಟ ಇನ್ನ ಐತಿ, ಗಂಟು ಹಾಕಬೇಕು."

"ಒಂದು ತುಣುಕು ಬಿಡ್ರಿ ಸಾಹೇಬರ. ಕರಿ ಮನಿಗೆ ಒಯ್ಯಬೇಕ್ರಿ."

ನಮ್ಮಲ್ಲಿ ಹರಿದ ಕರಿಯ ತುಂಡನ್ನು ತಂದು ಕೊಟ್ಟಿಗೆಗೆ ಕಟ್ಟುವುದು ಪದ್ಧತಿ. ಅವನು ಗೇಣುದ್ದದ ರಿಬ್ಬನ್ನನ್ನು, ಅದಕ್ಕೆ ಅಂಟಿದ್ದ ಎರಡು ಬೇವಿನೆಲೆಯ ಸಮೇತ, ಜೇಬಿನಲ್ಲಿಟ್ಟುಕೊಂಡು ಊರಿಗೆ ತಂದ. ಮನೆಗೂ ಹೋಗದೆ ನೇರ ಕೊಟ್ಟಿಗೆಗೆ ಹೋಗಿ ಬಿಳ್ಯಾನ ಕೋಡಿಗೆ ಕಟ್ಟಿದ. ಅದು ಒಮ್ಮೆ ತಲೆ ಕೊಡವಿ ಮತ್ತೆ ಮೇವಿಗೆ ಬಾಯಿ ಹಾಕಿತು. ಲಕ್ಕವ್ವ ಕೋಲೂರಿಕೊಂಡು ಬಂದು ರಿಬ್ಬನ್ ಮುಟ್ಟಿ ನೋಡಿದಳು.

"ಹರಿಯೂ ಮುಂದ ಯಾವ ಬಣ್ಣದ ಅಂಗಿ ಹಾಕ್ಕೊಂಡಿದ್ದಿ?"

"ಬಿಳಿ ಬನಿಯನ್ರಿ ಆಯಿ."

"ಹಂಗಾದ್ರ ಈ ವರ್ಷ ಬಿಳಿಜೋಳ ಚೊಲೋ ಬರ್ತೈತಿ, ಬಿಡು." ಬಾಗಿಲಲ್ಲಿ ನಿಂತಿದ್ದ ಬಿಬಿಜಾನ ಸೆರಗು ಬಾಯಿಗೆ ಹಿಡಿದು ನಕ್ಕಳು.

ರಾಜ್ಯದ ಪಂದ್ಯದಲ್ಲಿ ಅವನು ಹಿಂದಿನವರ ಗುಂಪಿನಲ್ಲಿ ಬಂದ. ಅಲ್ಲಿ ಓಡಿದವರು ವರ್ಷವಿಡೀ ಅದನ್ನೇ ಮಾಡುವವರು, ಅವರಿಗೆ ಕೋಚು, ಹಾಸ್ಟೆಲ್ಲು, ಹಾಲು ಮೊಟ್ಟೆ. ಇವನಿಗೆ ಅದರ ಬೇಸರವೇನೂ ಇರಲಿಲ್ಲ. ಹೆಸರು ಕೂಗುವಾಗ ವಿಜಾಪುರ ಎಂದು ಮೊದಲು ಕೂಗಿ ಆಮೇಲೆ ಮೀರಾಸಾಬ ಎಂದರಂತೆ. ಅದನ್ನೇ ಹತ್ತು ಸಲ ಹೇಳಿದ.

ಮುಂದಿನ ಕಾರಹುಣ್ಣಿಮೆಗೆ ಅವನು ಅದೇ ನೀಲಿ ಬನಿಯನ್ ತೊಟ್ಟು ಹೊಳೆಯ ಕಡೆಯಿಂದ ಬಿಳ್ಯಾನ ಜೊತೆ ಓಡಿಬಂದ. ಬಿಳ್ಯಾನಿಗೆ ವಯಸ್ಸಾಗಿತ್ತು, ಕೆಂಪೆತ್ತೊಂದು ಹತ್ತಿರದಲ್ಲೇ ಇತ್ತು. ಚಹಾದಂಗಡಿಯವರೆಲ್ಲ ಅಗಸಿಯ ಹತ್ತಿರ ಸೇರಿ, "ಈ ಸಲ ಮೀರಾಸಾಬ ತಾನs ಹರಿತಾನ್ನೋಡ್ರಿ!" ಎಂದು ಗದ್ದಲ ಹಾಕುತ್ತಿದ್ದರು. ಹತ್ತು ಮಾರು ಇರುವಾಗ ಅವನು ಕೈ ನೋಡಿಕೊಂಡ. ಹಗ್ಗ ಇತ್ತು. ಬಿಟ್ಟು, ಬದಿಗೆ ಸರಿದು, ಎರಡೂ ಕೈ ಚಾಚಿ ಮಂದಿಯನ್ನು ಹಿಂದೆ ಸರಿಸಿದ.

"ಹಾದಿ ಬಿಡ್ರೋ, ಬಂತು ಬಂತು!"