ಕಂಬಕ್ಕೆ ಕಟ್ಟಿದ ರೀಲು

ಸಿನಿಮಾದಲ್ಲಿ ನಾನು ಹದಿನಾರು ವರ್ಷ ಕುಣಿದೆ. ಸೊಂಟಕ್ಕೆ ಡಾಬು ಬಿಗಿಸಿಕೊಂಡು ಕುಣಿದೆ, ಜ್ವರ ಬಂದಾಗ ಕುಣಿದೆ, ಗಂಡ ಬಿಟ್ಟುಹೋದ ವಾರವೂ ಕುಣಿದೆ. ಆ ಕುಣಿತದ ಒಂದು ಗೇಣನ್ನೂ ಯಾವ ಪುಣ್ಯಾತ್ಮನೂ ಕತ್ತರಿಸಲಿಲ್ಲ. ನಾನೇ ಕ್ಯಾಮೆರಾ ಹಿಂದೆ ನಿಂತು ತೆಗೆದ ನಾಲ್ಕು ನಿಮಿಷಕ್ಕೆ ಮಾತ್ರ ಕತ್ತರಿ ಬಿತ್ತು. ಅದೂ ಎಲ್ಲಿ? ನಮ್ಮ ಸೀಮೆಯಲ್ಲೇ, ಎಚ್.ಡಿ. ಕೋಟೆಯ ಟೆಂಟ್ ಸಿನಿಮಾದಲ್ಲಿ. ಇವತ್ತು ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಾನು ಭೇರ್ಯದ ಕಡೆಯವಳು. ಕೆ.ಆರ್. ನಗರಕ್ಕೆ ಬಂದಿದ್ದ ನಾಟಕದ ಕಂಪನಿ ಸೇರಿ, ಅಲ್ಲಿಂದ ಮದ್ರಾಸಿಗೆ ಹೋದವಳು. ತಿರುಗು ಅಂದರೆ ತಿರುಗಬೇಕು, ನಗು ಅಂದರೆ ನಗಬೇಕು. ಅಷ್ಟೇ ನನ್ನ ಕೆಲಸ. ನಾನೇ ಒಂದು ಪಿಕ್ಚರ್ ಡೈರೆಕ್ಟ್ ಮಾಡುತ್ತೇನೆ ಅಂದಾಗ ಸ್ಟುಡಿಯೋದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನಂತೂ, ಮೊದಲು ಲೆನ್ಸು ಯಾವ ಕಡೆ ಇರುತ್ತೆ ಹೇಳಮ್ಮ ನೋಡೋಣ ಅಂದ. ಅವನ ಮುಖ ಈಗಲೂ ಕಣ್ಣ ಮುಂದಿದೆ, ಹಾಳಾದವನದು. ಆದರೂ ತೆಗೆದೆ. ಕುಣಿತ ಒಂದೂ ಇರಬಾರದು ಅಂತ ಹಟ ಹಿಡಿದು ತೆಗೆದೆ.

ಆಗ ಬೀಚನಹಳ್ಳಿಯಲ್ಲಿ ಹೊಳೆಗೆ ಅಣೆಕಟ್ಟೆ ಏಳುತ್ತಿತ್ತು. ಅದರ ನೀರಿಗೆ ಮುಳುಗಲಿರುವ ಒಂದು ಹಳ್ಳಿಯಲ್ಲಿ ಶೂಟಿಂಗ್ ಇಟ್ಟುಕೊಂಡಿದ್ದೆ. ಒಬ್ಬಾಕೆ ತನ್ನ ಮನೆಯನ್ನೇ ಸುತ್ತಿ ತೋರಿಸುವ ದೃಶ್ಯ ಬೇಕಿತ್ತು. ಮದ್ರಾಸಿನ ನಟಿ ಬೇಡ, ಆ ಊರಿನ ಹೆಂಗಸೇ ಬೇಕು ಅಂತ ಒಬ್ಬ ವಯಸ್ಸಾದ ಅವ್ವನನ್ನು ಹಿಡಿದೆ. ಬೇಸಾಯದ ಮನೆಯ ಗಟ್ಟಿ ಜೀವ, ಸುಲಭಕ್ಕೆ ಬಗ್ಗಲಿಲ್ಲ. ಮುಳುಗೋ ಮನೆ ತೋರಿಸಿ ಏನು ಬಂತು ಅಂತ ಎರಡು ದಿನ ನನ್ನನ್ನು ಹಟ್ಟಿಯ ಅಂಗಳದಲ್ಲೇ ನಿಲ್ಲಿಸಿ ಕಳಿಸಿದಳು. ಮೂರನೇ ದಿನ ನಾನು ಮಾತು ಕೊಟ್ಟೆ.

"ನೀರು ಬಂದ್ರೂ ನಿನ್ನ ಮನೆ ಇದರಲ್ಲಿ ಇರುತ್ತೆ ಅವ್ವ. ಕೋಟೆಗೆ ಪಿಕ್ಚರ್ ಬಂದ ದಿನ ನಿನ್ನ ಪಕ್ಕದಲ್ಲೇ ಕೂತು ತೋರಿಸ್ತೀನಿ."

ಮಾರನೇ ಬೆಳಿಗ್ಗೆ ಹೋದರೆ, ಬಿಟ್ಟುಹೋಗಬೇಕಾದ ಆ ಮನೆಗೆ ಸುಣ್ಣ ಬಳಿದು, ಗೋಡೆ ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆದು ಕಾಯುತ್ತಿದ್ದಳು. ಹೊಸಲು, ಒಲೆ, ಒರಳು, ಕೊಟ್ಟಿಗೆ ಎಲ್ಲಾ ತೋರಿಸಿದಳು. ಕೊನೆಗೆ ಬಾಗಿಲಿಗೆ ಒರಗಿ ನಿಂತಳು. ಇನ್ನೊಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಬರೀ ನೀರು.

ಪಿಕ್ಚರ್ ಕೋಟೆಗೆ ಬರುವ ಹೊತ್ತಿಗೆ ಎರಡು ವರ್ಷವಾಗಿತ್ತು. ಆಕೆ ದೂರದ ಹೊಸ ಊರಿಂದ ಬಸ್ಸು ಹತ್ತಿ, ಮಗಳ ಮನೆಯಲ್ಲಿ ಇಳಿದುಕೊಂಡು, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಗುರುತು ಸಿಗದ ಹಾಗೆ ನಾನು ತಲೆ ತುಂಬ ಸೆರಗು ಹೊದ್ದು, ಮೊದಲ ಆಟಕ್ಕೆ ಹೆಂಗಸರ ಕಡೆ ನೆಲದಲ್ಲಿ ಅವಳ ಪಕ್ಕ ಕೂತೆ. ನಾನು ತಂದಿದ್ದ ಎಲೆ ಅಡಿಕೆಯನ್ನು ಆಕೆ ಮುಟ್ಟಲೂ ಇಲ್ಲ. ಬಗ್ಗಿ ಉಗಿಯೋ ಹೊತ್ತಲ್ಲಿ ಮನೆ ಬಂದು ಹೋಗಿಬಿಟ್ಟರೆ ಅನ್ನುವ ಭಯ ಅವಳಿಗೆ.

ಪರದೆ ಮೇಲೆ ಆ ಊರಿನ ಬೀದಿ ಬಂತು. ಆಕೆ ನನ್ನ ಮಣಿಕಟ್ಟು ಹಿಡಿದಳು. ಬೀದಿಯ ತಿರುವು ಬಂತು. ಅದಾದ ಮೇಲೆ ಅವಳ ಮನೆ ಬರಬೇಕು. ಪಟ್ ಅಂತ ಒಂದು ಬಿಳೀ ಬೆಳಕು ಹೊಡೆದು, ನೋಡಿದರೆ ನಾನು! ಎಂಟು ವರ್ಷದ ಹಿಂದಿನ ಯಾವುದೋ ಪಿಕ್ಚರಿನ ನಾನು, ತಲೆಗೆ ನವಿಲುಗರಿ ಸಿಕ್ಕಿಸಿಕೊಂಡು ಕುಣಿಯುತ್ತಿದ್ದೇನೆ. ಗಂಡಸರ ಕಡೆಯಿಂದ ಸಿಳ್ಳೆಯೋ ಸಿಳ್ಳೆ. ಕುಣಿತ ಮುಗಿದದ್ದೇ ಕಥೆ ಮುಂದಕ್ಕೆ ಓಡಿತು. ಮನೆ ಇಲ್ಲ.

"ಮನೆ ಯಾವಾಗ ಬತ್ತದೆ ಮಗಾ?" ಅಂತ ಆಕೆ ಕೇಳಿದಳು. ನಾನು ಸೆರಗು ಕಿತ್ತೊಗೆದು ಮಿಷಿನ್ ರೂಮಿಗೆ ನುಗ್ಗಿದೆ.

ಟೆಂಟಿನವರಲ್ಲಿ ಇದೊಂದು ಚಾಳಿ. ಪಿಕ್ಚರ್ ಎಲ್ಲಿ ಜಗ್ಗುತ್ತದೆ ಅನ್ನಿಸುತ್ತದೋ ಅಲ್ಲಿ ಕತ್ತರಿಸಿ, ಡಬ್ಬದಲ್ಲಿ ಕೂಡಿಟ್ಟ ಹಳೇ ಡ್ಯಾನ್ಸಿನ ತುಂಡು ಅಂಟಿಸುವುದು, ಪಿಕ್ಚರಿನ ಡಬ್ಬ ವಾಪಸ್ ಕಳಿಸುವಾಗ ಮೊದಲಿದ್ದ ಹಾಗೆ ಜೋಡಿಸುವುದು. ಆಪರೇಟರು ನನ್ನನ್ನು ಕಂಡು ಕೈ ಮುಗಿದು, ಶಹಬ್ಬಾಸ್ ಅನ್ನಿಸಿಕೊಳ್ಳುವವನ ಥರ ನಿಂತ.

"ನಿಮ್ಮ ಮರ್ಯಾದೆ ಉಳಿಸಿದೀನಿ ಅಮ್ಮಾವ್ರೇ. ಆ ಮುದುಕಿ ಒಲೆ ತೋರಿಸ್ತಾ ನಿಂತಿದ್ರೆ ಜನ ಎದ್ದೋಗೋರು."

ನಾನು ಅವತ್ತು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ನನ್ನಪ್ಪ ಎತ್ತುಗಳಿಗೆ ಬೈಯುತ್ತಿದ್ದ ಬೈಗುಳವೆಲ್ಲ ಬಾಯಿಗೆ ಬಂತು. ಆ ಮುದುಕಿ ಇಲ್ಲೇ ನೆಲದ ಮೇಲೆ ಕೂತಿದ್ದಾಳೆ ಅಂದಾಗ ಮಾತ್ರ ಅವನ ಮುಖ ಇಳಿಯಿತು. ಬೆಳಿಗ್ಗೆ ಬನ್ನಿ, ಹುಡುಕಿಕೊಡ್ತೀನಿ ಅಂದ.

ಬೆಳಿಗ್ಗೆ ನಾನೂ ಅವ್ವನೂ ಹೋದೆವು. ಅವನು ಡಬ್ಬದಲ್ಲಿ ಹುಡುಕಿದ, ಚೀಲದಲ್ಲಿ ಹುಡುಕಿದ. ಕೊನೆಗೆ ತಲೆ ಕೆರೆದುಕೊಂಡು ನಮ್ಮನ್ನು ಟೆಂಟಿನ ಹಿಂದಕ್ಕೆ ಕರೆದುಕೊಂಡು ಹೋದ. ಪಿಕ್ಚರಿನ ಡಬ್ಬ ಆಟಕ್ಕೆ ಎರಡು ದಿನ ಮುಂಚೆಯೇ ಬಂದಿತ್ತಂತೆ, ಕತ್ತರಿಸಿದ ರಾತ್ರಿಯೇ ಗಾಳಿಗೆ ಟೆಂಟಿನ ಬೊಂಬು ಸಡಿಲವಾಗಿತ್ತಂತೆ. ರೀಲು ಮಳೆಗೆ ಕೊಳೆಯಲ್ಲ, ತೆಂಗಿನ ಹಗ್ಗಕ್ಕಿಂತ ಗಟ್ಟಿ ಅಂದ. ಕೈಗೆ ಸಿಕ್ಕಿದ್ದನ್ನು ಸುತ್ತಿದ್ದ. ಆ ಅವ್ವನ ಮನೆ ಕಂಬಕ್ಕೂ ಬೊಂಬಿಗೂ ಗಂಟಾಗಿ ಕೂತಿತ್ತು. ಬಿಚ್ಚಿದರೆ ಹತ್ತು ಮೊಳ ಇದ್ದರೆ ಹೆಚ್ಚು, ಉಳಿದದ್ದು ಎಲ್ಲಿ ಹೋಯಿತೋ. ಅಂಚಿನ ತೂತುಗಳೆಲ್ಲ ಹರಿದಿದ್ದವು. ಇದು ಇನ್ನು ಮಿಷಿನ್‌ಗೆ ಹತ್ತಲ್ಲ ಅಂತ ಅವನು ನೆಲ ನೋಡುತ್ತಾ ಹೇಳಿದ.

ಮದ್ರಾಸಿನಿಂದ ಇನ್ನೊಂದು ಪ್ರಿಂಟ್ ತರಿಸ್ತೀನಿ ಅವ್ವ ಅಂದೆ. ಅಂದ ಕೂಡಲೇ ನನಗೇ ನಾಚಿಕೆಯಾಯಿತು. ಅದಕ್ಕೆ ಯಾವ ಟೆಂಟಿನಲ್ಲಿ ಕತ್ತರಿ ಬೀಳುವುದಿಲ್ಲ?

ಆಕೆ ಅಷ್ಟರಲ್ಲೇ ಅವನ ಕೈಯಿಂದ ಆ ತುಂಡನ್ನು ತೆಗೆದುಕೊಂಡಿದ್ದಳು. ರೀಲನ್ನು ಸೆರಗಿನಿಂದ ಒರೆಸಿದಳು. ಆಕಾಶಕ್ಕೆ ಹಿಡಿದು ನೋಡುವುದನ್ನು ತೋರಿಸಿಕೊಟ್ಟೆ. ಒಂದು ಕಣ್ಣು ಮುಚ್ಚಿ ನೋಡಿದಳು. ಕೈಯಿಂದ ಕೈಗೆ ಜರುಗಿಸುತ್ತಾ ಒಂದೊಂದೇ ಚೌಕ ನೋಡಿದಳು.

"ಇಲ್ಲೂ ಐತೆ. ಇಲ್ಲೂ ಐತೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಇದ್ದ ಒಂದು ಮನೆ ಮುಳುಗೋಯ್ತು ಅಂತ ಅಳ್ತಿದ್ನಲ್ಲ ಮಗಾ, ನೀನು ಇಷ್ಟೊಂದ್ ಮಡಗಿದ್ಯಲ್ಲ."

ತಮಾಷೆಗೆ ಅಂದದ್ದಲ್ಲ. ನನಗೆ ಅಳು ಬರಲಿಲ್ಲ, ಕೋಪವೇ ಬಂತು. ಆ ಆಪರೇಟರನ ಮೇಲೆ, ಸಿಳ್ಳೆ ಹೊಡೆದವರ ಮೇಲೆ, ಸಿಳ್ಳೆ ಹೊಡೆಯಲಿ ಅಂತಲೇ ಹದಿನಾರು ವರ್ಷ ಕುಣಿದ ನನ್ನ ಮೇಲೆ. ಮಿಷಿನ್ ರೂಮಿಗೆ ಹೋಗಿ, ನನ್ನ ಕುಣಿತ ಅಂಟಿಸಿದ ಆ ರೀಲು ತೆಗೆ ಅಂದೆ. ಇವತ್ತಿನ ಆಟಕ್ಕೆ ಜನ ಅದಕ್ಕೇ ಬರೋದು ಅಂತ ಅವನು ಗೋಗರೆದ. ಅವನ ಬ್ಲೇಡಿನಿಂದಲೇ ನವಿಲುಗರಿಯ ಕುಣಿತವನ್ನು ಪೂರ್ತಿ ಕತ್ತರಿಸಿಕೊಂಡು ಹೊರಗೆ ಬಂದೆ.

ಕಟ್ಟು ಬಿಚ್ಚಿದ್ದಕ್ಕೆ ಬೊಂಬು ಜೋಲುತ್ತಿತ್ತು. ನನ್ನ ಕುಣಿತವನ್ನು ಅದಕ್ಕೆ ಸುತ್ತಲು ಹೋದೆ. ಸಿಟ್ಟಿನಲ್ಲಿ ಎಳೆದ ರಭಸಕ್ಕೆ ಗಂಟು ಜಾರಿತು. ಆಕೆ ಸುರುಳಿ ಸುತ್ತಿದ ತನ್ನ ಮನೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರ ಬಂದಳು.

"ಅಂಗಲ್ಲ ಕಣ್ ಮಗಾ, ಬುಡು ಇಲ್ಲಿ," ಅಂದು ನನ್ನ ಕೈಯಿಂದ ತುದಿ ಕಿತ್ತುಕೊಂಡು, ಕಂಬಕ್ಕೆ ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದು ಬಿಗಿದಳು.